ಅಮ್ಮನ ಚೀಟಿ ಹಿಡಿದು ಬಂದ ಮಗುವನ್ನೂ ಒಂದು ಮಾತು ಕೇಳಿ

ತುಮಕೂರು ಜಿಲ್ಲೆಯ ಆರೋಗ್ಯ ಅಧಿಕಾರಿಗಳಿಗೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರು, ನರ್ಸು, ಆಪ್ತಸಮಾಲೋಚಕರಿಗೆ,

ನಮಸ್ಕಾರ.

ಹೋದ ತಿಂಗಳು ಒಂದು ಮಂಗಳವಾರ ಅಮ್ಮನನ್ನು ಇಂಜೆಕ್ಷನ್‌ಗೆ ಕರೆದುಕೊಂಡು ಹೋಗಿದ್ದೆ. ತಾಲ್ಲೂಕು ಆಸ್ಪತ್ರೆ, ಮಾನಸಿಕ ಕಾಯಿಲೆಯವರನ್ನು ನೋಡುವ ಮನೋಚೈತನ್ಯ ಕ್ಲಿನಿಕ್ಕಿನ ದಿನ. ಯಾವ ತಾಲ್ಲೂಕು ಅಂತ ಬರೆಯುವುದಿಲ್ಲ. ಬರೆದರೆ ಪಾಪ ಆ ಡಾಕ್ಟರಿಗೆ ನೋಟಿಸ್ ಹೋಗುತ್ತೆ. ಅವರೊಬ್ಬರದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹೊರಗೆ ಬೆಂಚು ತುಂಬಿ, ಗೋಡೆ ಪಕ್ಕ ಜನ ನೆಲದ ಮೇಲೆ ಕೂತಿದ್ದರು.

ನಮಗಿಂತ ಮುಂದೆ ಒಬ್ಬ ಹೆಂಗಸು ಇದ್ದಳು. ಮೂವತ್ತೈದು ವರ್ಷ ಇರಬಹುದು. ಪಕ್ಕದಲ್ಲಿ ಸ್ಕೂಲ್ ಯೂನಿಫಾರಂ ಹಾಕಿದ ಹುಡುಗಿ. ಆರನೇ ಕ್ಲಾಸೋ ಏಳನೇದೋ. ಚೀಟಿ, ಮಾತ್ರೆ ಕವರ್, ಬಸ್ಸಿಗೆ ಬೇಕಾದ ಇಬ್ಬರ ಆಧಾರ್ ಕಾರ್ಡು, ಎಲ್ಲಾ ಅವಳ ಕೈಯಲ್ಲೇ. ಡಾಕ್ಟರು ಅವಳನ್ನೇ ಕೇಳಿದರು. ಅಮ್ಮ ನಿದ್ದೆ ಮಾಡ್ತಾಳಾ? ಮಾತ್ರೆ ಉಗೀತಾಳಾ? ಒಬ್ಬಳೇ ಮಾತಾಡ್ಕೋತಾಳಾ? ಹುಡುಗಿ ಪಾಠ ಒಪ್ಪಿಸಿದ ಹಾಗೆ ಉತ್ತರ ಕೊಟ್ಟಳು. "ರಾತ್ರಿ ಎರಡೂವರೆಗೆ ಏಳ್ತಾಳೆ ಸಾರ್, ಬಾಗಿಲು ತೆಗೆದು ಹೊರಗೆ ನಿಂತ್ಕೋತಾಳೆ."

ಎರಡೂವರೆ ಅಂತ ಅವಳಿಗೆ ಹೇಗೆ ಗೊತ್ತು? ಅವಳೂ ಎದ್ದಿರುತ್ತಾಳೆ, ಅದಕ್ಕೆ ಗೊತ್ತು. ಅದನ್ನು ಯಾರೂ ಕೇಳಲಿಲ್ಲ. ಮಂಗಳವಾರ ಸ್ಕೂಲ್ ಇರಲ್ವಾ ಅಂತಾನೂ ಕೇಳಲಿಲ್ಲ. ಮಾತ್ರೆ ಬರೆದುಕೊಟ್ಟರು, ಮುಂದಿನವರು ಅಂದರು. ಮುಂದಿನವರು ನಾವೇ.

ಮೂವತ್ತು ವರ್ಷದ ಹಿಂದೆ ಆ ಹುಡುಗಿ ನಾನೇ ಆಗಿದ್ದೆ. ಆಗ ತಾಲ್ಲೂಕಿನಲ್ಲಿ ಇಂಥ ಕ್ಲಿನಿಕ್ ಇರಲಿಲ್ಲ. ಬೆಳಗಿನ ಜಾವದ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದೆವು. ಈಗ ಊರಿನ ಹತ್ತಿರವೇ ಡಾಕ್ಟರು ಸಿಗುತ್ತಾರೆ, ಮಾತ್ರೆ ಪುಕ್ಕಟೆ ಸಿಗುತ್ತೆ. ಇದು ಸಣ್ಣ ಬದಲಾವಣೆ ಅಲ್ಲ, ಗೊತ್ತು. ಆದರೆ ಜೊತೆಗೆ ಬಂದ ಮಗುವಿನ ಮಟ್ಟಿಗೆ ಏನೂ ಬದಲಾಗಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಕಥೆ ಸ್ವಲ್ಪ ಹೇಳುತ್ತೇನೆ. ತಮ್ಮ ಹುಟ್ಟಿದ ಹದಿನೈದು ದಿನಕ್ಕೆ ಅಮ್ಮ ನಿದ್ದೆ ಬಿಟ್ಟಳು. ಮಗುವನ್ನು ಯಾರೋ ಬದಲಾಯಿಸಿದ್ದಾರೆ ಅನ್ನೋಕೆ ಶುರು ಮಾಡಿದಳು. ಅಜ್ಜಿ 'ಬಾಣಂತಿ ಸನ್ನಿ' ಅಂದಳು, ಊರವರು 'ಗಾಳಿ' ಅಂದರು. ತಾಯತ ಕಟ್ಟಿಸಿದರು, ಯಂತ್ರ ಬರೆಸಿದರು, ಮೂರು ಅಮಾವಾಸ್ಯೆ ದೇವಸ್ಥಾನದಲ್ಲಿ ಮಲಗಿಸಿದರು. ಸ್ವಲ್ಪ ಸರಿಹೋದಳು, ಆಮೇಲೆ ಮತ್ತೆ ಬಂತು. ನನಗೆ ಒಂಬತ್ತು ವರ್ಷ ಆದಾಗ ಪಕ್ಕದ ಮನೆಯವರು ಅಕ್ಕಿಗೆ ಏನೋ ಬೆರೆಸಿದ್ದಾರೆ ಅಂತ ಅನ್ನದ ಪಾತ್ರೆಯನ್ನೇ ತಿಪ್ಪೆಗೆ ಸುರಿದಳು. ಆವತ್ತು ನಾವು ಹಸಿ ಕಡಲೆಕಾಯಿ ತಿಂದು ಮಲಗಿದೆವು. ಕೊನೆಗೆ ಬೆಂಗಳೂರಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ನಿಜ ಅನಿಸುವ ಕಾಯಿಲೆ) ಅಂತ ಹೇಳಿದರು. ಆ ಪದ ಅಪ್ಪನ ಬಾಯಲ್ಲಿ ಕೊನೆಯವರೆಗೂ ಹೊರಳಲಿಲ್ಲ. 'ತಲೆ ಕಾಯಿಲೆ' ಅಂತಿದ್ದರು.

ನನಗೆ ಯಾರೂ ಏನೂ ಹೇಳಲಿಲ್ಲ. ಮಕ್ಕಳಿಗೆ ಯಾಕೆ ಅಂತ. ಹೇಳದೇ ಇದ್ದರೆ ಮಕ್ಕಳು ಸುಮ್ನೆ ಇರುತ್ತಾರಾ? ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ. ಜಾತ್ರೆಯಲ್ಲಿ ಬಳೆಗೆ ಹಠ ಮಾಡಿ ಅಮ್ಮನ ಹತ್ತಿರ ಹೊಡೆಸಿಕೊಂಡಿದ್ದೆ. ಅದರಿಂದಲೇ ಅಮ್ಮನಿಗೆ ಹೀಗಾಯ್ತು ಅಂತ ಎಷ್ಟೋ ವರ್ಷ ನಂಬಿದ್ದೆ. ಈಗ ನಗು ಬರುತ್ತೆ. ಆಗ ಬರ್ತಿರಲಿಲ್ಲ.

ಹೈಸ್ಕೂಲಿಗೆ ಬಂದಾಗ ಇನ್ನೊಂದು ಭಯ ಹಿಡಿಯಿತು. 'ತಾಯಿಯಂತೆ ಮಗಳು, ನೂಲಿನಂತೆ ಸೀರೆ.' ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಅಂತ ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಕೇಳಿದ್ದರು. ನಾನು ಬರೆಯದೆ ಬಿಟ್ಟೆ. ಈಗ ನಾನೇ ಕನ್ನಡ ಟೀಚರ್. ಇವತ್ತಿಗೂ ಆ ಗಾದೆಯನ್ನು ಪ್ರಶ್ನೆಪತ್ರಿಕೆಗೆ ಹಾಕಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಯಾರಾದರೂ ಹೆಸರು ಕರೆದ ಹಾಗೆ ಅನಿಸಿದರೆ ಸಾಕು, ಬೆವರುತ್ತಿದ್ದೆ. ನಿಜವಾಗಿ ಕರೆದರಾ, ನನಗೆ ಮಾತ್ರ ಕೇಳಿಸಿತಾ? ಹಾಸ್ಟೆಲಿನಲ್ಲಿ ಪಕ್ಕದವಳನ್ನು ಕೇಳೋದು, 'ನಿನಗೂ ಕೇಳಿಸ್ತಾ?' ಅವಳು ನನ್ನನ್ನು ವಿಚಿತ್ರವಾಗಿ ನೋಡೋದು.

ಇಪ್ಪತ್ತಾರನೇ ವಯಸ್ಸಿನಲ್ಲಿ, ಅಮ್ಮನ ಜೊತೆ ಹೋದಾಗ, ಬೆಂಗಳೂರಿನ ಒಬ್ಬ ಸಮಾಜ ಕಾರ್ಯಕರ್ತೆ ಮೊದಲ ಸಲ ನನ್ನನ್ನು ಕೂರಿಸಿ ಕೇಳಿದರು. "ನೀವು ಹೇಗಿದ್ದೀರಾ?" ಹಳೇ ಚೀಟಿ ತಿರುಗಿಸಿ ಹಿಂದೆ ಹತ್ತು ಗೆರೆ ಎಳೆದರು. "ಇವರು ಹತ್ತು ಮಕ್ಕಳು. ಹತ್ತೂ ಜನರ ತಾಯಿಗೆ ಈ ಕಾಯಿಲೆ ಇದೆ ಅಂತಿಟ್ಟುಕೊಳ್ಳಿ." ಒಂದು ಗೆರೆಗೆ ಸುತ್ತು ಹಾಕಿದರು. "ಇದು ಬರೋದು ಹೆಚ್ಚುಕಡಿಮೆ ಒಬ್ಬರಿಗೆ." ಉಳಿದ ಒಂಬತ್ತು ಗೆರೆಗಳನ್ನು ನೋಡುತ್ತಾ ಕೂತೆ. ಅಷ್ಟು ವರ್ಷ ನಾನು ಹತ್ತಕ್ಕೆ ಹತ್ತು ಅಂತ ತಿಳಿದಿದ್ದೆ.

ಲೆಕ್ಕ ಹೀಗಿದೆ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ನೂರು ಜನರಲ್ಲಿ ಸುಮಾರು 1 ವ್ಯಕ್ತಿಗೆ ಬರುತ್ತೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು 10. ಇಬ್ಬರಿಗೂ ಇದ್ದರೆ 40ರ ಆಸುಪಾಸು. ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಅರ್ಧದಷ್ಟು ಸಲ ಮಾತ್ರ. ಅಂದರೆ ರಕ್ತ ಒಂದೇ ಇದ್ದರೂ ಕಥೆ ಅಲ್ಲಿಗೇ ಮುಗಿಯಲ್ಲ.

ಆದರೆ ಒಂಬತ್ತು ಜನ ಆರಾಮ್ ಅಂತ ಅಂದುಕೊಂಡರೆ ಅದೂ ತಪ್ಪು. 2014ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಅಪ್ಪ ಅಥವಾ ಅಮ್ಮನಿಗೆ ಸ್ಕಿಜೋಫ್ರೇನಿಯಾ, ಬೈಪೋಲಾರ್ (ಅತಿ ಉತ್ಸಾಹ, ಅತಿ ಬೇಸರ ಸರದಿಯಲ್ಲಿ ಬರುವ ಕಾಯಿಲೆ), ತೀವ್ರ ಖಿನ್ನತೆ ಇಂಥದ್ದು ಇದ್ದ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ ದೊಡ್ಡವರಾಗುವ ಹೊತ್ತಿಗೆ ಯಾವುದಾದರೂ ಒಂದು ತೀವ್ರ ಮಾನಸಿಕ ಕಾಯಿಲೆ ಕಾಣಿಸಿತ್ತು. ಅಮ್ಮನ ಕಾಯಿಲೆಯೇ ಬರಬೇಕು ಅಂತಿಲ್ಲ. ಆತಂಕ, ಖಿನ್ನತೆ, ಓದಿನಲ್ಲಿ ಹಿಂದೆ ಬೀಳುವುದು, ಗಮನ ನಿಲ್ಲದೇ ಇರುವುದು, ಇವು ಜಾಸ್ತಿ. ಆ ಹುಡುಗಿ ರಾತ್ರಿ ಎರಡೂವರೆಗೆ ಎಚ್ಚರ ಇರುವುದು ಯಾವ ಲೆಕ್ಕಕ್ಕೆ ಸೇರುತ್ತೆ ಅಂತ ನನಗೆ ಇದನ್ನೆಲ್ಲ ಓದಿದ ಮೇಲೆ ಅರ್ಥವಾಯಿತು.

ನಮ್ಮ ಮನೆಯಲ್ಲೇ ನೋಡಿ. ಒಂದೇ ತಾಯಿಯ ಇಬ್ಬರು ಮಕ್ಕಳು. ನನಗೆ ಬರಲಿಲ್ಲ. ತಮ್ಮನಿಗೆ ಬಂತು.

ತಮ್ಮನಿಗೆ ಹತ್ತೊಂಬತ್ತು. ಐಟಿಐ ಓದುತ್ತಿದ್ದ. ಮೊದಲು ಸ್ನೇಹಿತರನ್ನು ಬಿಟ್ಟ. ಆಮೇಲೆ ಸ್ನಾನ ಬಿಟ್ಟ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ನಿದ್ದೆ. ಮೊಬೈಲಿನಲ್ಲಿ ಯಾರೋ ತನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಸಿಮ್ ಮುರಿದು ಹಾಕಿದ. ಅಪ್ಪ ಲವ್ ಫೇಲ್ಯೂರ್ ಅಂದರು, ನೆಂಟರು ಸಹವಾಸ ಅಂದರು. ನನಗೆ ಗೊತ್ತಾಗಿತ್ತು. ಸಿಮ್ ಮುರಿದ ದಿನವೇ ಗೊತ್ತಾಗಿತ್ತು, ಅಮ್ಮ ಅನ್ನ ಸುರಿದದ್ದು ಕಣ್ಣ ಮುಂದೆ ಬಂತು. ಆದರೂ ಬಾಯಿ ಬಿಡಲಿಲ್ಲ. ಆಗ ನನಗೆ ಸಂಬಂಧ ನೋಡುತ್ತಿದ್ದರು. ಅಮ್ಮನದು ಹೇಗೋ ಮುಚ್ಚಿಟ್ಟಿದ್ದೆವು. ತಮ್ಮನದೂ ಹೊರಗೆ ಬಂದರೆ 'ಆ ಮನೆತನದಲ್ಲೇ ಇದೆ' ಅಂತಾರೆ. ಸುಮಾರು ಒಂದೂವರೆ ವರ್ಷ ಹಾಗೇ ಹೋಯಿತು. ಚಿಕಿತ್ಸೆ ತಡವಾದಷ್ಟೂ ಸುಧಾರಣೆ ಕಷ್ಟ ಅನ್ನುವುದು ಈ ಕಾಯಿಲೆಯ ಬಗ್ಗೆ ಎಲ್ಲ ಡಾಕ್ಟರಿಗೂ ಗೊತ್ತಿರುವ ಮಾತು. ಆ ಒಂದೂವರೆ ವರ್ಷದಲ್ಲಿ ನನ್ನ ಪಾಲೂ ಇದೆ. ಇದನ್ನು ಅವನಿಗೆ ಹೇಳಿದ್ದೇನೆ. ಅವನು, "ಬಿಡಕ್ಕ, ನಾನೂ ಯಾರಿಗೂ ಹೇಳಿರಲಿಲ್ಲ" ಅಂದ. ಈಗ ತೆಂಗಿನ ನಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಮಾತ್ರೆ ತಪ್ಪಿಸಲ್ಲ.

ಅಮ್ಮ ಆಸ್ಪತ್ರೆಗೆ ಹೋಗುತ್ತಿದ್ದ ಅಷ್ಟು ವರ್ಷದಲ್ಲಿ ಒಬ್ಬರೇ ಒಬ್ಬರು "ಮನೇಲಿ ಮಕ್ಕಳಿದ್ದಾರಾ, ಅವರಲ್ಲಿ ಹೀಗೆ ಏನಾದರೂ ಕಂಡರೆ ಬೇಗ ಕರ್ಕೊಂಡು ಬನ್ನಿ" ಅಂದಿದ್ದರೆ? ಅದೂ ಹೆದರಿಸುವ ದನಿಯಲ್ಲಲ್ಲ, ಸಕ್ಕರೆ ಕಾಯಿಲೆಯವರ ಮಕ್ಕಳಿಗೆ ಹೇಳುವ ಹಾಗೆ? ಬಿಪಿ, ಶುಗರ್ ಆದರೆ ನಿಮ್ಮ ಮನೇಲಿ ಯಾರಿಗಾದರೂ ಇದೆಯಾ ಅಂತ ಮೊದಲೇ ಕೇಳ್ತೀರಲ್ವಾ.

ಗುಣಸೂತ್ರದಲ್ಲಿ ಬಂದದ್ದಕ್ಕೆ ನಾವೇನು ಮಾಡಲಾಗುತ್ತೆ ಅಂತ ನೀವು ಕೇಳಬಹುದು. ಇದರ ಬಗ್ಗೆ ಎರಡು ಹಳೇ ಅಧ್ಯಯನಗಳಿವೆ, ನಿಮಗೆ ಗೊತ್ತಿರುವಂಥವೇ. ಅಮೆರಿಕದ ಹೆಸ್ಟನ್ ಅನ್ನುವ ಡಾಕ್ಟರು 1966ರಲ್ಲಿ ಒಂದು ವರದಿ ಬರೆದರು. ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಮೂರು ದಿನದೊಳಗೆ ತಾಯಿಯಿಂದ ಬೇರೆಯಾಗಿ ಬೆಳೆದ 47 ಮಕ್ಕಳನ್ನು ಅವರು ದೊಡ್ಡವರಾದ ಮೇಲೆ ಹುಡುಕಿ ನೋಡಿದರು. 5 ಜನಕ್ಕೆ ಕಾಯಿಲೆ ಬಂದಿತ್ತು. ಅದೇ ಥರ ಬೇರೆ ಬೆಳೆದ, ತಾಯಿಗೆ ಕಾಯಿಲೆ ಇಲ್ಲದ 50 ಜನರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಹಾಗಾಗಿ ರಕ್ತದ ಪಾಲು ಇದೆ, ಇಲ್ಲ ಅನ್ನೋಕಾಗಲ್ಲ. ತಾಯಿ ಸರಿಯಾಗಿ ಸಾಕಲಿಲ್ಲ ಅದಕ್ಕೇ ಬಂತು ಅಂತ ದೂರುವವರಿಗೆ ಇದೇ ಉತ್ತರ. ಅದೇ ವರದಿಯಲ್ಲಿ ನನಗೆ ಇಷ್ಟವಾದ ಮಾತು ಇನ್ನೊಂದಿದೆ. ಆ 47ರಲ್ಲಿ ಅರ್ಧದಷ್ಟು ಜನ ಚೆನ್ನಾಗಿದ್ದರು, ಮತ್ತು ಅವರು ಆ ಇನ್ನೊಂದು ಗುಂಪಿನ 50 ಜನರಿಗಿಂತ ಹೆಚ್ಚು ಲವಲವಿಕೆಯವರು, ಬಣ್ಣಬಣ್ಣದ ಬದುಕು ಕಂಡವರು ಅಂತ ಹೆಸ್ಟನ್ ಬರೆದಿದ್ದಾರೆ. ಇದನ್ನು ಯಾರೂ ಗಾದೆ ಮಾಡಿಲ್ಲ.

ಇನ್ನೊಂದು ಫಿನ್ಲೆಂಡಿನದು. ಟಿಯೆನಾರಿ ಅನ್ನುವವರು ಇಂಥ ತಾಯಂದಿರ ಮಕ್ಕಳನ್ನು ದತ್ತು ತೆಗೆದುಕೊಂಡ ಮನೆಗಳಿಗೇ ಹೋಗಿ, ಮನೆಯ ವಾತಾವರಣ ಹೇಗಿದೆ ಅಂತ ನೋಡಿದರು. ಜಗಳ, ಗೊಂದಲ, ಮುಚ್ಚುಮರೆ ತುಂಬಿದ ಮನೆಯಲ್ಲಿ ಬೆಳೆದವರಿಗೆ ಕಾಯಿಲೆ ಜಾಸ್ತಿ ಬಂತು. ಅಂಥದೇ ತಾಯಿಯ ಮಕ್ಕಳು ನೆಮ್ಮದಿಯ ಮನೆಯಲ್ಲಿ ಬೆಳೆದಾಗ ತುಂಬಾ ಕಡಿಮೆ. ನಮ್ಮಜ್ಜಿ ಇದನ್ನೆಲ್ಲ ಓದಿರಲಿಲ್ಲ. ಆದರೆ ಅಮ್ಮ ಕೂಗಾಡುವ ದಿನ ನಮ್ಮಿಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ಕಡಲೆಕಾಯಿ ಬಿಡಿಸಲು ಕೂರಿಸುತ್ತಿದ್ದಳು. ಬಿಡಿಸಿದ್ದರಲ್ಲಿ ಅರ್ಧ ತಿಂದರೂ ಬೈಯುತ್ತಿರಲಿಲ್ಲ. ಅಜ್ಜಿ ತೀರಿಕೊಂಡಾಗ ನನಗೆ ಹದಿನೆಂಟು, ತಮ್ಮನಿಗೆ ಹನ್ನೆರಡು. ಅವನಿಗೆ ಆ ಹಿತ್ತಲು ಸಿಕ್ಕಿದ್ದು ಕಡಿಮೆ. ಇದೇ ಕಾರಣ ಅಂತ ನಾನು ಹೇಳಲ್ಲ, ಒಬ್ಬನ ವಿಷಯದಲ್ಲಿ ಹಾಗೆ ಹೇಳೋಕೆ ಯಾರಿಂದಲೂ ಆಗಲ್ಲ. ಆದರೂ ಎಷ್ಟೋ ರಾತ್ರಿ ಅದೇ ಯೋಚನೆ ಬರುತ್ತೆ.

2012ರಲ್ಲಿ ಇನ್ನೊಂದು ಲೆಕ್ಕ ಬಂತು. ಅಪ್ಪ ಅಮ್ಮನಿಗೆ ಮಾನಸಿಕ ಕಾಯಿಲೆ ಇರುವ ಮನೆಗಳಲ್ಲಿ ಮಕ್ಕಳನ್ನೂ ಸೇರಿಸಿಕೊಂಡು ನೆರವು ಕೊಟ್ಟ ಹದಿಮೂರು ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಮಕ್ಕಳಿಗೆ ಮಾನಸಿಕ ಕಾಯಿಲೆ ಬರುವ ಸಾಧ್ಯತೆ 40 ಪರ್ಸೆಂಟ್ ಕಡಿಮೆಯಾಗಿತ್ತು. ಮಾಡಿದ್ದೇನು? ಕಾಯಿಲೆ ಬಗ್ಗೆ ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಿದ್ದು, ತಂದೆ ತಾಯಿಗೆ ಮಕ್ಕಳ ಜೊತೆ ಹೇಗಿರಬೇಕು ಅಂತ ಕಲಿಸಿದ್ದು, ಬರೀ ಇಂಥವೇ. ಸ್ಕ್ಯಾನ್ ಇಲ್ಲ, ದುಬಾರಿ ಔಷಧಿ ಇಲ್ಲ. ನಾರ್ವೆ ದೇಶ 2010ರಿಂದ ಇದನ್ನು ಕಾನೂನೇ ಮಾಡಿದೆ. ಮಾನಸಿಕ ಕಾಯಿಲೆಯವರು ಆಸ್ಪತ್ರೆಗೆ ಬಂದರೆ ಅವರಿಗೆ ಚಿಕ್ಕ ಮಕ್ಕಳಿದ್ದಾರಾ ಅಂತ ಕೇಳುವುದು, ಆ ಮಕ್ಕಳಿಗೆ ಏನು ಬೇಕು ಅಂತ ನೋಡುವುದು ಅಲ್ಲಿ ಸಿಬ್ಬಂದಿಯ ಕರ್ತವ್ಯ.

ನಮ್ಮಲ್ಲೂ ಕಾನೂನು ಈ ಕಡೆ ಒಮ್ಮೆ ಕಣ್ಣು ಹಾಯಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ ಪ್ರಕಾರ, ಅಡ್ಮಿಟ್ ಆದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವ ಹಾಗಿಲ್ಲ. ಮಗುವಿಗೆ ಅಪಾಯ ಇದೆ ಅಂತ ಬೇರೆ ಮಾಡಿದರೂ ಹದಿನೈದು ದಿನಕ್ಕೊಮ್ಮೆ ಮತ್ತೆ ನೋಡಬೇಕು. ಒಳ್ಳೆಯದು. ಆದರೆ ಮಂಗಳವಾರ ಬಂದು ಮಾತ್ರೆ ತೆಗೆದುಕೊಂಡು ಹೋಗುವ ತಾಯಿಯ ಹನ್ನೊಂದು ವರ್ಷದ ಮಗಳು ಆ ಕಲಂನಲ್ಲಿ ಇಲ್ಲ. ಅವಳು ನಿಮ್ಮ ಬೆಂಚಿನ ಮೇಲೆ ಇದ್ದಾಳೆ.

ಹೊಸ ಇಲಾಖೆ, ಹೊಸ ಹುದ್ದೆ, ಹೊಸ ಕಟ್ಟಡ ಏನೂ ನಾನು ಕೇಳುತ್ತಿಲ್ಲ. ತಾಯಿ ಅಥವಾ ತಂದೆಯ ಚೀಟಿಯ ಮೇಲೆ ಒಂದು ಸಾಲು ಬರೆಯಿರಿ. ಮಕ್ಕಳು ಎಷ್ಟು, ವಯಸ್ಸು ಎಷ್ಟು, ಮನೆಯಲ್ಲಿ ಅವರನ್ನು ನೋಡಿಕೊಳ್ಳುವ ಇನ್ನೊಬ್ಬ ದೊಡ್ಡವರು ಇದ್ದಾರಾ. ಆ ಮೂರನೇದು ಬಹಳ ಮುಖ್ಯ. 'ಇಲ್ಲ' ಅಂತ ಉತ್ತರ ಬಂದರೆ ಆ ಮನೆಗೆ ಆಶಾ ಕಾರ್ಯಕರ್ತೆ ಬಾಣಂತಿ ನೋಡೋಕೆ ಹೋದ ಹಾಗೇ ಒಂದು ಸಲ ಹೋಗಿ ಬರಲಿ. ಮಗು ಜೊತೆಗೆ ಬಂದಿದ್ದರೆ ಐದು ನಿಮಿಷ ಹೊರಗೆ ಕೂರಿಸಿಕೊಂಡು ಮಾತಾಡಿಸಿ. ಡಾಕ್ಟರೇ ಆಗಬೇಕಿಲ್ಲ, ನರ್ಸು ಸಾಕು. ಅಮ್ಮನಿಗೆ ಇರುವುದು ಒಂದು ಕಾಯಿಲೆ, ನಿನ್ನಿಂದ ಬಂದದ್ದಲ್ಲ, ನಿನಗೂ ಬಂದೇ ಬರುತ್ತೆ ಅಂತ ಇಲ್ಲ, ರಾತ್ರಿ ಹೆದರಿಕೆ ಆದರೆ 14416ಕ್ಕೆ ಫೋನ್ ಮಾಡು, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಹೇಳಲಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್, 2022ರಿಂದ ಇದೆ. ಆ ನಂಬರು ಬೇಕಾಗಿರುವ ಮಗುವಿಗೆ ಅದು ಗೊತ್ತಿರಬೇಕಲ್ಲ.

ಕಳೆದ ಮೂವತ್ತು ವರ್ಷದಲ್ಲಿ ಅಮ್ಮನಿಗೆ ಎಷ್ಟೋ ಡಾಕ್ಟರು ಬದಲಾಗಿದ್ದಾರೆ. ಹಾಗಾಗಿ ಇದು ಒಬ್ಬ ಒಳ್ಳೆ ಡಾಕ್ಟರಿನ ಒಳ್ಳೆತನಕ್ಕೆ ಬಿಡುವ ಕೆಲಸ ಅಲ್ಲ. ಚೀಟಿಯಲ್ಲಿ ಅಚ್ಚಾಗಬೇಕು. ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸೈಕೋಸಿಸ್ (ಸ್ಕಿಜೋಫ್ರೇನಿಯಾದಂಥ, ನಿಜ ಯಾವುದು ಭ್ರಮೆ ಯಾವುದು ಅಂತ ತಿಳಿಯದ ಸ್ಥಿತಿ) ಇರುವವರನ್ನು ಹಳ್ಳಿಗಳಲ್ಲೇ ಹುಡುಕಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿಕೊಂಡ ಕೆಲಸ ನಮ್ಮ ಜಿಲ್ಲೆಯಲ್ಲೇ ನಡೆದಿದೆ. ಮನೆ ಬಾಗಿಲವರೆಗೆ ಹೋಗುವುದು ನಮ್ಮವರಿಗೆ ಹೊಸದಲ್ಲ. ಬಾಗಿಲಿಗೆ ಹೋದಾಗ ಹಿಂದೆ ನಿಂತ ಮಗುವನ್ನೂ ನೋಡಬೇಕು, ಅಷ್ಟೆ. ಪಾವಗಡದಂಥ ದೂರದ ತಾಲ್ಲೂಕಿಗೆ ಇದು ಇನ್ನೂ ಬೇಕು. ತುಮಕೂರಿಗೆ ಸುಮಾರು ನೂರು ಕಿಲೋಮೀಟರ್, ಜಿಲ್ಲಾಸ್ಪತ್ರೆಗೆ ಬನ್ನಿ ಅಂದರೆ ಒಂದು ದಿನದ ಕೂಲಿ ಹೋಯಿತು.

ಬಸುರಿ, ಬಾಣಂತಿಯರ ವಿಷಯ ಬೇರೆಯೇ ಹೇಳಬೇಕು, ನಮ್ಮಮ್ಮನದು ಶುರುವಾದದ್ದೇ ಅಲ್ಲಿ. ಹೆರಿಗೆಯಾದ ಸಾವಿರ ಹೆಂಗಸರಲ್ಲಿ ಒಬ್ಬಿಬ್ಬರಿಗೆ ಈ ಬಾಣಂತಿ ಸನ್ನಿ ಬರುತ್ತೆ. ಬೇಗ ಗುರುತಿಸಿದರೆ ಚೆನ್ನಾಗಿ ವಾಸಿಯಾಗುತ್ತೆ, ಬಿಟ್ಟರೆ ತಾಯಿಗೂ ಮಗುವಿಗೂ ಅಪಾಯ. ತಾಯಿ ಕಾರ್ಡಿನಲ್ಲಿ ತೂಕ, ರಕ್ತ, ಬಿಪಿ ಎಲ್ಲಾ ಬರೆಯುತ್ತಾರೆ. ಮೂರು ದಿನದಿಂದ ನಿದ್ದೆ ಇಲ್ಲ, ಮಗು ತನ್ನದಲ್ಲ ಅಂತಾಳೆ ಅನ್ನೋದನ್ನೂ ಯಾರಾದರೂ ಕೇಳಲಿ. ಇನ್ನೊಂದು, ಮೊದಲೇ ಕಾಯಿಲೆ ಇರುವ ಹೆಂಗಸು ಬಸುರಿ ಅಂತ ಗೊತ್ತಾದ ತಕ್ಷಣ ಅತ್ತೆ ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ, ಮಗುವಿಗೆ ತೊಂದರೆ ಅಂತ. ತಟ್ಟನೆ ನಿಲ್ಲಿಸಿದರೆ ಕಾಯಿಲೆ ತಿರುಗಿ ಬರುತ್ತೆ. ಬಸುರಿ ಊಟ ಬಿಡುತ್ತಾಳೆ, ತಪಾಸಣೆಗೆ ಬರಲ್ಲ, ಅದೂ ಮಗುವಿಗೇ ಪೆಟ್ಟು. ಹಾಗಂತ ಎಲ್ಲಾ ಮಾತ್ರೆಯೂ ಒಂದೇ ಅಲ್ಲ. ವಾಲ್ಪ್ರೋಯೇಟ್ ಅನ್ನುವ ಮಾತ್ರೆ ಬಸಿರಲ್ಲಿ ಮಗುವಿನ ಬೆನ್ನುಹುರಿಗೆ, ಬುದ್ಧಿಗೆ ಹಾನಿ ಮಾಡಬಹುದು. ಮಕ್ಕಳಾಗುವ ವಯಸ್ಸಿನ ಹೆಂಗಸಿಗೆ ಅದನ್ನು ಬರೆಯುವಾಗಲೇ ಈ ಮಾತು ಹೇಳಬೇಕು, ಬಸುರಿಯಾದ ಮೇಲಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡು ಇದೆ. ನಮ್ಮ ಹಳ್ಳಿಗಳ ಎಷ್ಟು ಆಶಾ ಕಾರ್ಯಕರ್ತೆಯರಿಗೆ ಇದು ಗೊತ್ತಿದೆ ಅಂತ ಮುಂದಿನ ಮೀಟಿಂಗಿನಲ್ಲಿ ಕೈ ಎತ್ತಿಸಿ ನೋಡಿ.

ಹದಿಹರೆಯದವರಿಗೆ ಇನ್ನೊಂದು ಮಾತು ನೇರವಾಗಿ ಹೇಳಲೇಬೇಕು. ಗಾಂಜಾ. ಇಂಥ ಮನೆಯ ಮಕ್ಕಳಿಗೆ ಅದರಿಂದ ಈ ಕಾಯಿಲೆ ಬರುವ ಅಪಾಯ ಬೇರೆಯವರಿಗಿಂತ ಹೆಚ್ಚು. ಕಾಲೇಜಿನಲ್ಲಿ ಗಾಂಜಾ ಬೇಡ ಅಂತ ಪೊಲೀಸರು ಬಂದು ಭಾಷಣ ಮಾಡುತ್ತಾರೆ, ಜೈಲಿನ ಭಯ ಹಾಕುತ್ತಾರೆ. ಈ ಕಾರಣ ಯಾರೂ ಹೇಳಲ್ಲ.

ಒಂದು ವಿಷಯದಲ್ಲಿ ಕೈಮುಗಿದು ಎಚ್ಚರಿಸುತ್ತೇನೆ. ದಯವಿಟ್ಟು ಇದಕ್ಕೊಂದು ರಿಜಿಸ್ಟರ್ ಮಾಡಬೇಡಿ. 'ಅಪಾಯದಲ್ಲಿರುವ ಮಕ್ಕಳ ಪಟ್ಟಿ' ಅಂತ ಮಾಡಿ, ಸ್ಕೂಲಿಗೆ ಕಳಿಸಿ, ಹೆಡ್‌ಮಾಸ್ಟರು ಅದನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳುವುದು. ನಾನು ಸ್ಟಾಫ್ ರೂಮಿನಲ್ಲೇ ಕೂರುವವಳು, ಅಲ್ಲಿ ಏನಾಗುತ್ತೆ ಅಂತ ನನಗೆ ಗೊತ್ತು. ಮಧ್ಯಾಹ್ನದೊಳಗೆ ಆ ಮಗುವಿಗೆ ಅಡ್ಡ ಹೆಸರು ಬಿದ್ದಿರುತ್ತೆ. ಮಾಹಿತಿ ಚೀಟಿಯಲ್ಲೇ ಇರಲಿ, ಚಿಕಿತ್ಸೆ ಮಾಡುವವರ ಹತ್ತಿರವೇ ಇರಲಿ. ಸ್ಕೂಲಿಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದವರು ಹಲ್ಲು, ಕಣ್ಣು, ರಕ್ತಹೀನತೆ ನೋಡುವಾಗ ಎಲ್ಲಾ ಮಕ್ಕಳನ್ನೂ ನಿದ್ದೆ ಬರುತ್ತಾ ಅಂತ ಕೇಳಲಿ. ಎಲ್ಲರನ್ನೂ ಕೇಳಿದರೆ ಯಾರ ಮೇಲೂ ಮುದ್ರೆ ಬೀಳಲ್ಲ.

ಮತ್ತೆ, ತಾಯಿಯನ್ನು ಕಳ್ಳಿಯ ಹಾಗೆ ನೋಡಬೇಡಿ. ಮಕ್ಕಳ ವಿಷಯ ಕೇಳಿದ ಕೂಡಲೇ ಮಗುವನ್ನು ಕಿತ್ತುಕೊಂಡು ಹೋಗ್ತಾರೆ ಅಂತ ಅವರಿಗೆ ಭಯ. ಅಮ್ಮನಿಗೂ ಇತ್ತು. ಅವಳು ಹುಷಾರಾಗಿದ್ದ ದಿನಗಳಲ್ಲಿ ನನಗೆ ಎರಡು ಜಡೆ ಹಾಕಿ, ಕನಕಾಂಬರ ಮುಡಿಸಿ, ಬಸ್ ಸ್ಟಾಪ್‌ವರೆಗೆ ಬರುತ್ತಿದ್ದಳು. ಕಾಯಿಲೆಯ ತಾಯಿ ಅಂದರೆ ಬರೀ ಕಾಯಿಲೆ ಅಲ್ಲ. ಅವಳಿಗೆ ಸರಿಯಾಗಿ ಚಿಕಿತ್ಸೆ ಸಿಗುವುದೇ ಮಕ್ಕಳಿಗೆ ಮೊದಲ ರಕ್ಷಣೆ.

ಆ ಮಂಗಳವಾರ ಇಂಜೆಕ್ಷನ್ ಮುಗಿಸಿ ಬಂದಾಗ ಆ ಹುಡುಗಿ ಔಷಧಿ ಕೌಂಟರಿನ ಮುಂದೆ ನಿಂತಿದ್ದಳು. ಮಾತಾಡಿಸಿದೆ. ಗಣಿತದ ಟೆಸ್ಟು ತಪ್ಪಿತು ಅಂದಳು. ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯ ಅಂತ ಕೇಳಿದೆ. ಅಮ್ಮನ ಕಡೆ ಒಮ್ಮೆ ನೋಡಿ, "ಹನ್ನೊಂದಕ್ಕೆ ಮಿಸ್" ಅಂದಳು. ನಾನು ಟೀಚರ್ ಅಂತ ಅವಳಿಗೆ ಹೇಗೆ ಗೊತ್ತಾಯಿತೋ. ಆಮೇಲೆ ಮೆಲ್ಲಗೆ, "ನಿಮ್ಮ ಅಮ್ಮನೂ ರಾತ್ರಿ ಏಳ್ತಾರಾ?" ಅಂದಳು. ಮೊದಲು ಏಳ್ತಿದ್ದಳು, ಈಗ ಏಳಲ್ಲ ಅಂದೆ. ಎಷ್ಟು ವರ್ಷ ಆಯ್ತು ಅಂತ ಕೇಳಿದಳು. ಅಷ್ಟರಲ್ಲಿ ಅವರ ಬಸ್ಸು ಬಂತು.

ಅಮ್ಮನ ಮುಂದಿನ ಇಂಜೆಕ್ಷನ್ ಈ ತಿಂಗಳ ಕೊನೆಯ ಮಂಗಳವಾರ. ಅವರದ್ದೂ ಅವತ್ತೇ ಅಂತ ಚೀಟಿಯಲ್ಲಿ ನೋಡಿದೆ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ಹೈಸ್ಕೂಲ್ ಕನ್ನಡ ಟೀಚರ್

(ಹೆಸರು ಹಾಕಲಾ ಅಂತ ಅಮ್ಮನನ್ನು ಕೇಳಿದೆ. "ನಿಂದು ಬೇಕಾದ್ರೆ ಹಾಕ್ಕೋ, ನಂದು ಬೇಡ" ಅಂದಳು. ನನ್ನದು ಹಾಕಿದರೆ ಅವಳದೂ ಗೊತ್ತಾಗುತ್ತೆ, ಅದಕ್ಕೇ ಬಿಟ್ಟಿದ್ದೇನೆ.)